ಗ್ಯಾಲಕ್ಟೋಸ್ ಎಲ್ಲಿ ಹೋಯ್ತು?

ಹಾಲಿನ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಹೆಂಗಸಿಗೆ ಸೀಸೆಯಕ್ಕ ಎಂಬ ಹೆಸರು ಯಾವಾಗ ಅಂಟಿಕೊಂಡಿತೋ ಯಾರಿಗೂ ನೆನಪಿಲ್ಲ. ಬೆಳಿಗ್ಗೆ ಏಳಕ್ಕೆ ಬಿಳಿ ಕೋಟು ತೊಟ್ಟು ಬಂದಳೆಂದರೆ ಸಂಜೆಯವರೆಗೆ ಎರಡೂ ಕೈಯಲ್ಲಿ ಮಾದರಿಯ ಸೀಸೆಗಳು. ಕೋಪವಂತೂ ಸದಾ ಮೂಗಿನ ತುದಿಯಲ್ಲೇ. ಯಾರಾದರೂ ಕೈ ತೊಳೆಯದೆ ಒಳಗೆ ಬಂದರೆ ಅವಳ ದನಿ ಹಾಲಿಳಿಸುವ ಕಟ್ಟೆಯವರೆಗೂ ಕೇಳಿಸುತ್ತಿತ್ತು. ಲಾರಿ ಚಾಲಕರು ತಮಾಷೆ ಮಾಡುತ್ತಿದ್ದರು: "ಅಕ್ಕ ಒಂದ್ಸಲ ನೋಡಿದ್ರೆ ಸಾಕು, ಹಾಲು ಕಾಯಿಸೋದೇ ಬೇಡ."

ಆ ದಿನ ಅವಳು ವರದಿ ಕೊಡಲು ಮ್ಯಾನೇಜರನ ಕೋಣೆಗೆ ಹೋದಾಗ ಅವನು ಒಂದು ಕಾಗದವನ್ನು ಗಟ್ಟಿಯಾಗಿ ಓದಿ ನಗುತ್ತಿದ್ದ. ಎದುರಿಗೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ನಿಂತಿದ್ದಳು. ಯಾವುದೋ ಮನೆಯ ಅಜ್ಜಿಯೊಬ್ಬಳು ಬರೆದ ಪತ್ರ ಅದು. ಮೊಮ್ಮಗ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದ್ದನಂತೆ. ಮನೆಗೆ ಕಳಿಸುವಾಗ ಡಾಕ್ಟರು, ಕೆಲವು ವಾರ ಮಾಮೂಲಿ ಹಾಲು ಬೇಡ, ಲ್ಯಾಕ್ಟೋಸ್ ಇಲ್ಲದ ಹಾಲನ್ನೇ ಕೊಡಿ ಎಂದಿದ್ದರಂತೆ. ಈ ಕಾರ್ಖಾನೆಯ ನೀಲಿ ಮುಚ್ಚಳದ ಹಾಲನ್ನೇ ಕೊಟ್ಟರೂ ಮಗು ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದೆ, ಮತ್ತೆ ಭೇದಿ ಶುರುವಾಗಿದೆ.

"ಎಲ್ಲ ನಾಟಕ," ಎಂದ ಮ್ಯಾನೇಜರ್. "ಒಂದು ಬಾಟಲಿ ಬಿಟ್ಟಿ ಸಿಗುತ್ತೆ ಅಂತ ಬರೀತಾರೆ. ಇಂಥವು ಹನ್ನೊಂದು ಬಂದಿವೆ."

ನಾಟಕ ಎಂಬ ಮಾತು ಕಿವಿಗೆ ಬಿದ್ದದ್ದೇ ಸೀಸೆಯಕ್ಕನ ಮೈಯೆಲ್ಲ ಉರಿದುಹೋಯಿತು. ಅವನ ಕೈಯಿಂದ ಪತ್ರ ಕಿತ್ತುಕೊಂಡು ಹೊರಬಂದಳು.

ಆ ಮಾತಿನ ಜೊತೆ ಅವಳಿಗೆ ಹಳೇ ಲೆಕ್ಕವಿತ್ತು. ಅವಳು ಓದಿದ ಶಾಲೆಯಲ್ಲಿ ಹತ್ತು ಗಂಟೆಗೆ ಮಕ್ಕಳಿಗೆಲ್ಲ ಒಂದೊಂದು ಲೋಟ ಹಾಲು ಕೊಡುತ್ತಿದ್ದರು. ಬೆತ್ತ ಹಿಡಿದ ಮೇಷ್ಟ್ರು ಲೋಟ ಬೋರಲಾಗುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಎಂಟು ವರ್ಷದ ಹುಡುಗಿ ಕುಡಿಯುವಳು. ಹನ್ನೊಂದೂವರೆಯ ಹೊತ್ತಿಗೆ ಹೊಟ್ಟೆ ತಮಟೆಯಂತೆ ಉಬ್ಬಿ ಗುಡುಗುಡು ಎನ್ನುವುದು. "ಹಾಲು ಬೇಡ ಸಾರ್, ನೋಯುತ್ತೆ," ಎಂದರೆ, "ನಾಟಕ ಮಾಡ್ತೀಯಾ?" ಎಂಬ ಉತ್ತರ. ಒಂದು ದಿನ ಹೊರಗೆ ಬಿಡಿ ಎಂದು ಎರಡು ಸಲ ಕೈಯೆತ್ತಿದರೂ ಬಿಡದೆ, ತರಗತಿಯ ನಡುವೆಯೇ ಅವಳ ಲಂಗ ಹಾಳಾಯಿತು. ಇಡೀ ತರಗತಿ ನಕ್ಕಿತು. ಮನೆಯಲ್ಲಿ ಅಮ್ಮ ಲಂಗ ಒಗೆಯುತ್ತಾ, "ಹಾಲು ಸೇರದ ಮೈ ಅಂತ ಎಲ್ಲಾದ್ರೂ ಉಂಟೇನೇ? ಹಟ ನಿಂಗೆ," ಎಂದು ಬೆನ್ನಿಗೆ ಎರಡು ಬಿಟ್ಟಳು.

ಹತ್ತು ವರ್ಷಗಳ ನಂತರ ಕಾಲೇಜಿನ ಪಾಠದಲ್ಲಿ ಅವಳಿಗೆ ಉತ್ತರ ಸಿಕ್ಕಿತು. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಗ್ಲೂಕೋಸ್ ಒಂದು, ಗ್ಯಾಲಕ್ಟೋಸ್ ಒಂದು ಕೈ ಕೈ ಹಿಡಿದುಕೊಂಡ ಜೋಡಿ ಅದು. ಜೋಡಿಯಾಗಿದ್ದರೆ ಕರುಳಿನ ಗೋಡೆ ದಾಟಲಾರದು. ಆ ಕೈ ಬಿಡಿಸುವ ಒಂದು ಕಿಣ್ವ ಸಣ್ಣ ಕರುಳಿನ ಒಳಗೋಡೆಯಲ್ಲಿರುತ್ತದೆ. ಹಾಲು ಕುಡಿಯುವ ಕೂಸಿನಲ್ಲಿ ಅದು ಧಾರಾಳ. ಬೆಳೆಯುತ್ತ ಬೆಳೆಯುತ್ತ ಭೂಮಿಯ ಮೇಲಿನ ಹೆಚ್ಚಿನ ಜನರಲ್ಲಿ ಕಡಿಮೆಯಾಗುತ್ತದೆ. ಆಗ ಬಿಡಿಸದೆ ಉಳಿದ ಜೋಡಿಗಳು ದೊಡ್ಡ ಕರುಳಿಗೆ ಇಳಿದು, ಅಲ್ಲಿಯ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಹುಳಿತು, ಗಾಳಿ ತುಂಬಿ, ನೀರೆಳೆದು ರಂಪ ಮಾಡುತ್ತವೆ. ಪಾಠ ಮುಗಿದಾಗ ಅವಳು ಸಂತೋಷಪಡಲಿಲ್ಲ. ಬೆಂಚಿನ ಮೇಲೆ ಮುಷ್ಟಿ ಬಿಗಿದು ಕೂತಿದ್ದಳು. ಮನೆಗೆ ಹೋಗಿ ಅಮ್ಮನ ಮುಂದೆ ಪುಸ್ತಕ ಬಿಸಾಡಿ, "ನೋಡಮ್ಮ, ನಾಟಕ ಆಗಿರ್ಲಿಲ್ಲ!" ಎಂದಳು. ಅಮ್ಮ, "ಆಯ್ತು ಬಿಡೇ, ಆಗ ಯಾರಿಗೆ ಗೊತ್ತಿತ್ತು?" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಆ ಸಿಟ್ಟು ಎಲ್ಲೂ ಹೋಗಲಿಲ್ಲ.

ಆದ್ದರಿಂದಲೇ ನಾಲ್ಕು ವರ್ಷದ ಹಿಂದೆ ಕಾರ್ಖಾನೆ ನೀಲಿ ಮುಚ್ಚಳದ ಹಾಲು ಶುರುಮಾಡಿದಾಗ ಅವಳಿಗೆ ಅದು ಬರೀ ಕೆಲಸವಾಗಿ ಉಳಿಯಲಿಲ್ಲ. ಕಿಣ್ವ ಹೊರದೇಶದಿಂದ ಬಿಳಿ ಕ್ಯಾನುಗಳಲ್ಲಿ ಬರುತ್ತಿತ್ತು, ನಸು ಕಂದು ಬಣ್ಣದ ದ್ರವ. ತಣ್ಣನೆಯ ಹಾಲಿನ ಟ್ಯಾಂಕಿಗೆ ಅಳತೆ ಮಾಡಿ ಸುರಿದು ಇಡೀ ಒಂದು ದಿನ ಬಿಟ್ಟರೆ ಲ್ಯಾಕ್ಟೋಸ್ ಎಲ್ಲ ಒಡೆದಿರುತ್ತದೆ. ಮೊದಲ ಟ್ಯಾಂಕಿನ ಹಾಲನ್ನು ಒಂದು ದೊಡ್ಡ ಲೋಟ ತುಂಬ ಕುಡಿದು, ಹೊಟ್ಟೆ ತಣ್ಣಗಿದ್ದದ್ದನ್ನು ಕಂಡು ಅವಳು ಒಬ್ಬಳೇ ನಕ್ಕಿದ್ದಳು.

ಪ್ಯಾಕಿಂಗ್ ಮೇಲ್ವಿಚಾರಕಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು, ಹನ್ನೆರಡು ವರ್ಷಗಳಿಂದ ಗೆಳತಿ, ಅಕ್ಕಾ ಅಕ್ಕಾ ಎಂದು ಹಿಂದೆಯೇ ಸುತ್ತುವವಳು. ಅವಳು ಆಗ ಕೇಳಿದ್ದಳು: "ಅಕ್ಕ, ಇದನ್ನ ಯಾವುದರಿಂದ ತೆಗೀತಾರೆ?"

"ಹಾಲಲ್ಲಿ ಬೆಳೆಯೋ ಒಂದು ಯೀಸ್ಟ್‌ನಿಂದ ಕಣೇ. ಹುಳಿಯಿಲ್ಲದ ಹಾಲಿಗೆ ಅದೇ ಒಳ್ಳೇದು. ಪನೀರ್ ತೆಗೆದು ಉಳಿದ ಹುಳಿನೀರಿಗಾದ್ರೆ ಬೂಷ್ಟಿಂದ ತೆಗೆದದ್ದು ಬೇಕು, ಅದು ಹುಳಿ ತಡ್ಕೊಳ್ಳುತ್ತೆ. ಆ ನೀರನ್ನ ಹಂಗೇ ಸಿಹಿ ಪಾಕ ಮಾಡಬಹುದು. ಐಸ್‌ಕ್ರೀಮಲ್ಲಿ ಮರಳು ಮರಳು ಸಿಕ್ಕೋದು ಲ್ಯಾಕ್ಟೋಸೇ, ಅದನ್ನೂ ಇದು ತಪ್ಪಿಸುತ್ತೆ. ಬಾದಾಮಿಯಲ್ಲೂ ಇದೆ, ಕರುವಿನ ಕರುಳಲ್ಲೂ ಇದೆ, ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾದಲ್ಲೂ ಇದೆ."

"ನೋಡೋಕೆ ಹೆಂಗಿರುತ್ತೆ?"

"ನಾಲ್ಕು ಕಾಲಿನ ಮಂಚ ಅಂದ್ಕೋ. ಒಂದೇ ತರದ ನಾಲ್ಕು ತುಂಡು ಸೇರಿ ಒಂದು. ಒಂದೊಂದು ತುಂಡೂ ಸಾವಿರ ಮಣಿ ಪೋಣಿಸಿ ಮಡಿಸಿಟ್ಟ ಸರ. ಆ ಮಡಿಕೆಯೊಳಗೆ ಒಂದು ಗುಳಿ, ಸಕ್ಕರೆ ಹೋಗಿ ಕೂರೋ ಜಾಗ. ಬಿಸಿ ತಾಗಿತೋ, ಮಂಚ ಬಿಚ್ಕೊಳ್ಳುತ್ತೆ, ಸರ ಗೋಜಲಾಗುತ್ತೆ. ಆಮೇಲೆ ಅದು ಬರೀ ಸೌದೆ. ಅದಕ್ಕೇ ಹೇಳೋದು, ಕ್ಯಾನು ಶೀತಲ ಕೋಣೆ ಬಿಟ್ಟು ಹೊರಗಿರಬಾರದು."

ಈಗ ಆ ಪತ್ರ ಹಿಡಿದು ಪ್ರಯೋಗಶಾಲೆಗೆ ಬಂದವಳೇ, ಅಜ್ಜಿ ಬರೆದಿದ್ದ ಬ್ಯಾಚ್ ಸಂಖ್ಯೆಯ ಬಾಟಲಿಯನ್ನು ಮಾದರಿ ಉಳಿಸಿಡುವ ಫ್ರಿಜ್ಜಿನಿಂದ ತೆಗೆದಳು. ರಿಜಿಸ್ಟರಿನಲ್ಲಿ ಅದಕ್ಕೆ ಅವಳದೇ ಸಹಿಯಿತ್ತು. ಪ್ರತಿ ಬ್ಯಾಚಿಗೂ ಮಾಡುವ ಪರೀಕ್ಷೆ ಒಂದೇ: ಹಾಲನ್ನು ತೆಳುಮಾಡಿ, ಸಕ್ಕರೆ ಕಾಯಿಲೆಯವರು ರಕ್ತ ನೋಡಿಕೊಳ್ಳುವಂಥ ಮೀಟರಿಗೆ ಹಾಕಿ, ಎಷ್ಟು ಗ್ಲೂಕೋಸ್ ಬಂದಿದೆ ಎಂದು ನೋಡುವುದು. ಲ್ಯಾಕ್ಟೋಸ್ ಒಡೆದಷ್ಟೂ ಗ್ಲೂಕೋಸ್ ಏರುತ್ತದೆ. ಆ ಬಾಟಲಿಯ ಅಂಕಿ ಬರಬೇಕಾದಷ್ಟೇ ಬಂತು. ಸೀಸೆಯಕ್ಕ ಅಂಕಿಯನ್ನು ನೋಡಿದಳು, ಪತ್ರವನ್ನು ನೋಡಿದಳು, ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ ಗಟಗಟ ಕುಡಿದುಬಿಟ್ಟಳು.

ಒಂದೂವರೆ ಗಂಟೆಯಲ್ಲಿ ಹೊಟ್ಟೆ ಗುಡುಗಿತು. ಮೂರು ಸಲ ಹೊರಗೆ ಓಡಿದಳು. ಮೂರನೆಯ ಸಲ ಬಂದು ಮುಖ ತೊಳೆದುಕೊಳ್ಳುವಾಗ ಕನ್ನಡಿಯಲ್ಲಿ ಅವಳ ಕಣ್ಣು ಕೆಂಡವಾಗಿತ್ತು. ಮೀಟರು ಸುಳ್ಳು ಹೇಳುತ್ತಿತ್ತು, ಹೊಟ್ಟೆ ಹೇಳುತ್ತಿರಲಿಲ್ಲ.

ಮೊದಲು ಕಿಣ್ವವನ್ನೇ ಹಿಡಿದಳು. ಅದನ್ನು ಪರೀಕ್ಷಿಸುವ ಬಣ್ಣವಿಲ್ಲದ ದ್ರಾವಣವೊಂದಿದೆ. ಕಿಣ್ವ ಜೀವಂತವಾಗಿದ್ದರೆ ಅದನ್ನೂ ಲ್ಯಾಕ್ಟೋಸೆಂದೇ ತಿಳಿದು ಕತ್ತರಿಸುತ್ತದೆ, ಕತ್ತರಿಸಿದೊಡನೆ ನೀರು ಹಳದಿಯಾಗುತ್ತದೆ. ಎರಡು ನಿಮಿಷದಲ್ಲಿ ಅರಿಶಿನದಂತೆ ಆಗಬೇಕಾದದ್ದು ಇಪ್ಪತ್ತು ನಿಮಿಷವಾದರೂ ತೊಳೆದ ನೀರಿನಂತೆಯೇ ಇತ್ತು. ಮೂರು ಕ್ಯಾನಿನಿಂದ ತೆಗೆದು ನೋಡಿದಳು. ಮೂರೂ ಸತ್ತಿದ್ದವು. ಶೀತಲ ಕೋಣೆಗೆ ಹೋಗಿ ನೋಡಿದರೆ, ತಾಪ ಬರೆದಿಡುವ ಪುಸ್ತಕದಲ್ಲಿ ದಿನವೂ "ನಾಲ್ಕು ಡಿಗ್ರಿ" ಎಂದು ಒಂದೇ ಪೆನ್ನಿನಲ್ಲಿ ಬರೆದಿತ್ತು. ಗೋಡೆಯ ಯಂತ್ರ ತಾನಾಗಿಯೇ ಗೀಚುವ ಕಾಗದದಲ್ಲಿ ಮಾತ್ರ ಒಂದು ತಿಂಗಳ ಹಿಂದೆ ಶುಕ್ರವಾರದಿಂದ ಮಂಗಳವಾರದವರೆಗೆ ಗೆರೆ ಗುಡ್ಡ ಹತ್ತಿತ್ತು. ಕಂಪ್ರೆಸರ್ ಕೆಟ್ಟು ನಾಲ್ಕು ದಿನ ಕೋಣೆ ಬೇಸಗೆಯಲ್ಲಿ ಬೆಂದಿತ್ತು.

ಕಿಣ್ವ ಸತ್ತಿದ್ದರೆ ಹಾಲಿನಲ್ಲಿ ಗ್ಲೂಕೋಸ್ ಎಲ್ಲಿಂದ ಬಂತು? ಉಗ್ರಾಣದ ಮೂಲೆಯಲ್ಲಿ, ಖಾಲಿ ಕ್ರೇಟುಗಳ ಹಿಂದೆ, ಅದಕ್ಕೆ ಉತ್ತರ ಮೂಟೆ ಕಟ್ಟಿಕೊಂಡು ಕೂತಿತ್ತು. ಆರು ಚೀಲ ಗ್ಲೂಕೋಸ್ ಪುಡಿ. ಆ ಕಾರ್ಖಾನೆಯಲ್ಲಿ ಗ್ಲೂಕೋಸ್ ಬೇಕಾಗುವ ಪದಾರ್ಥ ಒಂದೂ ತಯಾರಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಬಾಗಿಲು ಹಾಕಿಕೊಂಡು ಕೆಲಸ ಮಾಡಿದಳು. ಬಿಳಿ ಪುಡಿ ತೆಳುವಾಗಿ ಸವರಿದ ಗಾಜಿನ ತಟ್ಟೆಯ ಬುಡದಲ್ಲಿ ನಾಲ್ಕು ಚುಕ್ಕೆ ಇಟ್ಟಳು: ಶುದ್ಧ ಲ್ಯಾಕ್ಟೋಸ್, ಶುದ್ಧ ಗ್ಲೂಕೋಸ್, ಶುದ್ಧ ಗ್ಯಾಲಕ್ಟೋಸ್, ಕೊನೆಗೆ ನೀಲಿ ಮುಚ್ಚಳದ ಹಾಲು. ದ್ರಾವಣ ತಟ್ಟೆಯನ್ನು ಹತ್ತುತ್ತ ಒಂದೊಂದು ಸಕ್ಕರೆಯನ್ನೂ ಒಂದೊಂದು ಎತ್ತರಕ್ಕೆ ಒಯ್ದು ಬಿಡುತ್ತದೆ. ಗ್ಲೂಕೋಸೂ ಗ್ಯಾಲಕ್ಟೋಸೂ ಅವಳಿಜವಳಿಯಂತೆ ಅಂಟಿಕೊಂಡು ಓಡುತ್ತವೆ, ಅವನ್ನು ಅಗಲಿಸಲು ಮೂರು ಸಲ ಹತ್ತಿಸಬೇಕಾಯಿತು. ಬಿಸಿ ಮಾಡಿದಾಗ ಚುಕ್ಕೆಗಳು ಕಂದಾಗಿ ಮೂಡಿದವು. ಹಾಲಿನ ಸಾಲಿನಲ್ಲಿ ದಪ್ಪನೆಯ ಲ್ಯಾಕ್ಟೋಸ್ ಇತ್ತು. ಗ್ಲೂಕೋಸ್ ಇತ್ತು. ಗ್ಯಾಲಕ್ಟೋಸ್ ಇರಬೇಕಾದ ಜಾಗ ಬರಿದಾಗಿತ್ತು.

ಲ್ಯಾಕ್ಟೋಸ್ ಒಡೆದರೆ ಎರಡೂ ಸಮಸಮ ಬರಬೇಕು. ಒಂದೇ ಬಂದಿದೆ ಎಂದರೆ ಅದು ಚೀಲದಿಂದ ಬಂದದ್ದು.

ತಟ್ಟೆಯನ್ನು ಹಿಡಿದುಕೊಂಡು ಅವಳು ನೇರ ಪ್ಯಾಕಿಂಗ್ ವಿಭಾಗಕ್ಕೆ ನಡೆದಳು. ಟ್ಯಾಂಕಿಗೆ ಏನೇ ಬೀಳಬೇಕಾದರೂ ಅದು ಮೇಲ್ವಿಚಾರಕಿಯ ಕೈಯಿಂದಲೇ ಬೀಳಬೇಕು.

"ನೀನೇ ಹಾಕಿದ್ದಾ?"

ಮೇಲ್ವಿಚಾರಕಿ ತಟ್ಟೆಯನ್ನು ನೋಡಲಿಲ್ಲ. ಬಾಟಲಿಗಳ ಸಾಲನ್ನೇ ನೋಡುತ್ತ ಹೇಳಿದಳು: "ಹಾಕು ಅಂದ್ರು, ಹಾಕ್ದೆ ಅಕ್ಕ. ಗ್ಲೂಕೋಸ್ ತಾನೆ, ವಿಷ ಅಲ್ವಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಊರೆಲ್ಲ ಒಂದು ಮಾಡ್ತಿದ್ರಿ."

"ಮಾಡ್ತಿದ್ದೆ! ಹನ್ನೆರಡು ವರ್ಷ ಜೊತೆಗೆ ಊಟ ಮಾಡಿದ್ದೀಯ. ನನ್ನ ಸಹಿ ಬೀಳೋ ಹಾಲಿಗೆ ನನ್ನ ಬೆನ್ನ ಹಿಂದೆ ಕೈ ಹಾಕ್ತೀಯಾ?"

ಮೇಲ್ವಿಚಾರಕಿ ವಾಲಿದ ಬಾಟಲಿಯೊಂದನ್ನು ನೆಟ್ಟಗೆ ನಿಲ್ಲಿಸಿದಳು. ಬಾಟಲಿಗಳು ಟಿಣಿ ಟಿಣಿ ಎನ್ನುತ್ತ ಸರಿದು ಹೋಗುತ್ತಿದ್ದವು.

ಮ್ಯಾನೇಜರ್ ಮಾತ್ರ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ. ಅವಳು ಕೋಣೆಗೆ ತಂದಿಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದು, "ಚೆನ್ನಾಗಿ ಮಾಡಿದ್ದೀರಿ ಮೇಡಂ," ಎಂದ. "ಆದ್ರೆ ಹೊಸ ಕಿಣ್ವ ಬರೋಕೆ ಇನ್ನೂ ಆರು ವಾರ. ಅಷ್ಟು ದಿನ ಹಾಲು ನಿಲ್ಸಿದ್ರೆ ಅಂಗಡಿಯವ್ರು ನಮ್ಮ ಜಾಗ ಬೇರೆಯವ್ರಿಗೆ ಕೊಡ್ತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಸ್ವಲ್ಪ ದಿನ ಹೊಂದ್ಕೊಳ್ಳಿ."

"ನಾನು ಹೊಂದ್ಕೊಂಡ್ರೆ ಮಕ್ಕಳ ಕರುಳು ಹೊಂದ್ಕೊಳ್ಳುತ್ತಾ ಸಾರ್?"

"ಯಾರಾದ್ರೂ ಸತ್ತಿದ್ದಾರಾ? ಸ್ವಲ್ಪ ಹೊಟ್ಟೆನೋವು, ಅಷ್ಟೇ ತಾನೆ?"

"ಸಾಯೋವರೆಗೂ ಕಾಯೋಣ್ವಾ? ಕಾಯಿಲೆಯಿಂದ ಎದ್ದ ಕೂಸಿಗೆ ಇನ್ನೊಂದ್ಸಲ ಭೇದಿ ಆದ್ರೆ ಮೈಯಲ್ಲಿ ನೀರೇ ಉಳಿಯಲ್ಲ. ಅದು ಅತ್ತರೆ ನಾಟಕ ಅಂತೀರಿ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ ಹಾಗೆ ಕೂತಿದ್ದೀರಲ್ಲ, ಮೈಮೇಲೆ ಜ್ಞಾನ ಇದ್ಯಾ?"

ಮ್ಯಾನೇಜರ್ ರಿಜಿಸ್ಟರನ್ನು ಅವಳ ಮುಂದೆ ತಳ್ಳಿದ. ಅವತ್ತಿನ ಬ್ಯಾಚಿಗೆ ಸಹಿ ಬೇಕಿತ್ತು. ಸೀಸೆಯಕ್ಕ ಅವನ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದು, ಪುಟದ ಈ ಮೂಲೆಯಿಂದ ಆ ಮೂಲೆಗೆ "ಇದರಲ್ಲಿ ಲ್ಯಾಕ್ಟೋಸ್ ಇದೆ" ಎಂದು ಬರೆದಳು. ಮರುದಿನವೇ ಅವಳನ್ನು ಕ್ರೇಟು ತೊಳೆಯುವ ಕಡೆಗೆ ಹಾಕಿದರು. ಸಹಿಯನ್ನು ಮ್ಯಾನೇಜರನೇ ಹಾಕತೊಡಗಿದ.

ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಅವಳ ಗಂಡ ಮಿತಭಾಷಿ. ಒದ್ದೆಯಾದ ಅವಳ ಚಪ್ಪಲಿ ನೋಡಿ, "ಈಗೇನು ಮಾಡ್ತೀಯ?" ಎಂದ.

"ಆಹಾರ ಪರಿಶೀಲನೆ ಕಚೇರಿಗೆ ಹೋಗ್ತೀನಿ. ಬೇಡ ಅನ್ಬೇಡಿ."

"ಬೇಡ ಅಂದ್ರೆ ಕೇಳೋಳಾಗಿದ್ರೆ ನಮ್ಮ ಮದುವೆನೇ ಆಗ್ತಿರ್ಲಿಲ್ಲ. ನಿಮ್ಮಪ್ಪ ಬೇಡ ಅಂದಿದ್ರು," ಎಂದು ಅವನು ಗೋಂದಿನ ಕೈ ಒರೆಸಿಕೊಂಡ.

ಕಚೇರಿಯಲ್ಲಿ ಮೂರು ಮೇಜು ದಾಟಿ, ಎರಡು ಕಡೆ ಜಗಳ ಆಡಿ, ದೂರು ದಾಖಲಾಯಿತು. ಗುರುವಾರ ಪರಿಶೀಲಕಿ ಕಾರ್ಖಾನೆಗೆ ಬಂದಳು, ಕನ್ನಡಕ ಹಾಕಿದ ಗಂಭೀರ ಹೆಂಗಸು. ಅವಳ ಪೆಟ್ಟಿಗೆಯಲ್ಲೂ ಇದ್ದದ್ದು ಅದೇ ಮೀಟರು. ಹಾಲು ತೆಗೆದು ನೋಡಿದಳು, ಅಂಕಿ ಸರಿಯಾಗಿತ್ತು. ಮ್ಯಾನೇಜರ್ ಬಾಗಿಲವರೆಗೆ ಕಳಿಸಲು ಎದ್ದ. ಅಷ್ಟರಲ್ಲಿ ಸೀಸೆಯಕ್ಕ ನೀರು ಸೋರುವ ಏಪ್ರನ್ನಿನಲ್ಲೇ ಒಳಗೆ ನುಗ್ಗಿದಳು.

"ಗ್ಲೂಕೋಸ್ ಇದೆ, ಸರಿ. ಗ್ಯಾಲಕ್ಟೋಸ್ ಎಲ್ಲಿ ಹೋಯ್ತು? ಅದನ್ನ ಕೇಳಿ ಇವರನ್ನ!"

"ಇವರನ್ನ ಬೇರೆ ವಿಭಾಗಕ್ಕೆ ಹಾಕಿದ್ದೀವಿ ಮೇಡಂ, ಆ ಸಿಟ್ಟು," ಎಂದ ಮ್ಯಾನೇಜರ್ ನಗುತ್ತ.

"ಹೌದು, ಸಿಟ್ಟೇ! ಸಿಟ್ಟು ಬಂದವಳು ಹೇಳಿದ್ದು ಸುಳ್ಳು ಅಂತ ಯಾವ ಪುಸ್ತಕದಲ್ಲಿದೆ?" ಸೀಸೆಯಕ್ಕ ಪರಿಶೀಲಕಿಯ ಕಡೆ ತಿರುಗಿದಳು. "ಮೇಡಂ, ಕೈ ಕೈ ಹಿಡ್ಕೊಂಡು ಹೋದ ಇಬ್ಬರಲ್ಲಿ ಒಬ್ಬರೇ ವಾಪಸ್ ಬಂದ್ರೆ ಇನ್ನೊಬ್ಬರೆಲ್ಲಿ ಅಂತ ಕೇಳಲ್ವಾ? ನಿಮ್ಮ ಮೀಟರಿಗೆ ಗ್ಲೂಕೋಸ್ ಕಾಣುತ್ತೆ, ಅದು ಹಾಲಲ್ಲಿ ಒಡೆದು ಬಂದಿದ್ದೋ ಚೀಲದಿಂದ ಬಂದಿದ್ದೋ ಗೊತ್ತಾಗಲ್ಲ. ಉಗ್ರಾಣಕ್ಕೆ ಬನ್ನಿ. ಕ್ಯಾನಿನ ಕಿಣ್ವ ಪರೀಕ್ಷೆ ಮಾಡಿ. ಗೋಡೆ ಯಂತ್ರದ ಕಾಗದ ನೋಡಿ. ಆಮೇಲೆ ನಾನು ಹೇಳಿದ್ದು ಸುಳ್ಳಾದ್ರೆ ನನ್ನ ಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

ಪರಿಶೀಲಕಿ ಕನ್ನಡಕ ತೆಗೆದು ಒರೆಸಿದಳು. ಮೊದಲ ಬಾರಿಗೆ ಮ್ಯಾನೇಜರನ ಮುಖ ನೋಡಿದಳು. "ಉಗ್ರಾಣದ ಕೀಲಿ ಕೊಡಿ," ಎಂದಳು.

ಚೀಲಗಳು ಎರಡು ಉಳಿದಿದ್ದವು. ಬಾಟಲಿಗಳಿಗೂ ಕ್ಯಾನುಗಳಿಗೂ ಅರಗಿನ ಮುದ್ರೆ ಬಿತ್ತು. ಹತ್ತೊಂಬತ್ತು ದಿನಕ್ಕೆ ಸರ್ಕಾರಿ ಪ್ರಯೋಗಶಾಲೆಯ ವರದಿ ಬಂತು: ಲ್ಯಾಕ್ಟೋಸ್ ಮಾಮೂಲಿ ಹಾಲಿನಲ್ಲಿರುವಷ್ಟೇ ಇದೆ, ಗ್ಯಾಲಕ್ಟೋಸ್ ಇಲ್ಲ. ನೀಲಿ ಮುಚ್ಚಳದ ಬಾಟಲಿಗಳನ್ನೆಲ್ಲ ಅಂಗಡಿಗಳಿಂದ ವಾಪಸು ತರಿಸಿದರು. ನನಗೇನೂ ಗೊತ್ತಿರಲಿಲ್ಲ ಎಂದು ಕಾರ್ಖಾನೆಯ ಯಜಮಾನ ಕೈ ತೊಳೆದುಕೊಂಡು ಮ್ಯಾನೇಜರನನ್ನು ಮನೆಗೆ ಕಳಿಸಿದ. ಕಾರ್ಖಾನೆಗೆ ಎರಡು ತಿಂಗಳು ಬೀಗ ಬಿತ್ತು.

ಬೀಗ ಎಂದರೆ ಎಂಬತ್ತು ಜನ ಮನೆಯಲ್ಲಿ ಕೂರುವುದು. ಒಂದು ಬೆಳಿಗ್ಗೆ ಸೀಸೆಯಕ್ಕ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಯಾರೋ ಒಡೆದ ಹಾಲು ಸುರಿದು ಹೋಗಿದ್ದರು. ಬೀದಿಗೆಲ್ಲ ಕೇಳುವಂತೆ ಬೈಯುತ್ತಲೇ ಅವಳು ನಾಲ್ಕು ಬಕೆಟ್ ನೀರು ಹಾಕಿ ತಿಕ್ಕಿದಳು. ಬೈದು ಮುಗಿದ ಮೇಲೆ ಕಸಬರಿಗೆ ಹಿಡಿದು ಅಲ್ಲೇ ಕುಸಿದಳು. ಯಾಕೆಂದರೆ ಒಂದು ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಸತ್ತ ಕಿಣ್ವದ ಮೊದಲ ಒಂಬತ್ತು ಬ್ಯಾಚುಗಳಿಗೆ ಸಹಿ ಹಾಕಿದ್ದವಳು ಅವಳೇ. ತಿಂಗಳಿಗೊಮ್ಮೆ ಕ್ಯಾನಿನ ಕಿಣ್ವ ಪರೀಕ್ಷಿಸಬೇಕೆಂಬ ನಿಯಮವನ್ನು ಅವಳೇ ಬರೆದಿದ್ದಳು. ಆ ತಿಂಗಳು, ಮೀಟರು ಸರಿಯಿದೆಯಲ್ಲ ಎಂದು ಅದನ್ನು ಮುಂದಕ್ಕೆ ಹಾಕಿದ್ದಳು.

ಪತ್ರ ಬರೆದ ಹನ್ನೊಂದು ಮನೆಗೂ ಅವಳು ಕೈಬರಹದಲ್ಲಿ ಉತ್ತರ ಬರೆದಳು. ತಪ್ಪು ಹಾಲಿನದು, ಮಗುವಿನದಲ್ಲ; ಅದನ್ನು ನೋಡಬೇಕಾದವಳು ನಾನು, ನೋಡಲಿಲ್ಲ. ಆ ಅಜ್ಜಿ ಫೋನ್ ಮಾಡಿ ಹತ್ತು ನಿಮಿಷ ಉಸಿರು ಬಿಡದೆ ಬೈದಳು. ಯಾರ ಒಂದು ಮಾತನ್ನೂ ಸಹಿಸದ ಸೀಸೆಯಕ್ಕ, "ಬೈಯಿರಿ ಅಮ್ಮ," ಎಂದು ಕೇಳಿಸಿಕೊಂಡಳು. ಕೊನೆಗೆ ಮಗು ಹೇಗಿದೆ ಎಂದು ಕೇಳಿದಾಗ, "ಓಡಾಡ್ತಿದೆ. ನಿಮ್ಮ ಹಾಲು ಇನ್ನು ನಮ್ಮ ಹೊಸ್ತಿಲು ದಾಟಲ್ಲ," ಎಂದು ಅಜ್ಜಿ ಫೋನ್ ಇಟ್ಟಳು.

ಕಾರ್ಖಾನೆ ಮತ್ತೆ ತೆರೆಯುವ ಮೊದಲು ಯಜಮಾನ ಅವಳನ್ನು ಕರೆಸಿದ. ಅವಳಿಲ್ಲದೆ ಪರವಾನಗಿ ವಾಪಸು ಸಿಗುವುದು ಕಷ್ಟವಿತ್ತು. ಶೀತಲ ಕೋಣೆಯ ಕೀಲಿ ತನ್ನಲ್ಲೇ ಇರಬೇಕು ಎಂದು ಬರೆಸಿಕೊಂಡು ಅವಳು ಹೋದಳು. ಮೊದಲ ದಿನ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ ಎದುರಾದಳು. ಅವಳನ್ನು ಈಗ ಮುಚ್ಚಳ ಹಾಕುವ ಕೆಲಸಕ್ಕೆ ಇಳಿಸಿದ್ದರು.

"ನಂದು ತಪ್ಪೇ," ಎಂದಳು ಅವಳು. ಅಕ್ಕ ಎನ್ನಲಿಲ್ಲ. "ಆದ್ರೆ ನಿಮಗೆ ಸಿಟ್ಟು ಮಾಡ್ಕೊಳ್ಳೋಕೆ ಜಾಗ ಇತ್ತು. ಮನೇಲಿ ಇನ್ನೊಬ್ಬರ ದುಡಿಮೆ ಇತ್ತು. ನಾನು ಅವತ್ತು ಹಾಕಲ್ಲ ಅಂದಿದ್ರೆ ಮಾರನೇ ದಿನ ಎಲ್ಲಿ ನಿಲ್ತಿದ್ದೆ? ಅದನ್ನ ಒಂದ್ಸಲನಾದ್ರೂ ಕೇಳಿದ್ರಾ?"

ಅವರಿಬ್ಬರೂ ಮತ್ತೆ ಒಟ್ಟಿಗೆ ಕೂತು ಊಟ ಮಾಡಲಿಲ್ಲ.

ಅಲ್ಲಿಂದ ಸೀಸೆಯಕ್ಕ ಸೀದಾ ಮೆಟ್ಟಿಲು ಹತ್ತಿ ಯಜಮಾನನ ಕೋಣೆಗೆ ಹೋದಳು. ಗ್ಯಾಲಕ್ಟೋಸನ್ನೂ ಉಳಿದ ಲ್ಯಾಕ್ಟೋಸನ್ನೂ ಅಳೆಯುವ ಪರೀಕ್ಷಾ ಸಾಮಗ್ರಿಯ ಬೇಡಿಕೆ ಪತ್ರ ಕೈಯಲ್ಲಿತ್ತು.

"ಮುಂದಿನ ವರ್ಷ ನೋಡೋಣಮ್ಮ," ಎಂದ ಯಜಮಾನ.

"ಮುಂದಿನ ವರ್ಷ ಅಂದ್ರೆ ಯಾವ ತಿಂಗಳು?"

"ನೋಡೋಣ ಅಂದ್ನಲ್ಲ."

"ಹಾಗಾದ್ರೆ ಟ್ಯಾಂಕಿಗೆ ಹಾಲೂ ಮುಂದಿನ ವರ್ಷವೇ ಇಳಿಸೋಣ. ಕಿಣ್ವದ ಕೋಣೆ ಕೀಲಿ ನನ್ನ ಹತ್ರ ಇದೆ."

ಯಜಮಾನ ಅವಳ ಮುಖ ನೋಡಿದ, ಗಡಿಯಾರ ನೋಡಿದ. ಕೆಳಗೆ ಹಾಲಿನ ಲಾರಿ ಹಾರ್ನ್ ಹಾಕುತ್ತಿತ್ತು. ಅವಳು ಕದಲಲಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದ. ಸಹಿ ಒಣಗುವ ಮೊದಲೇ ಕಾಗದ ಎಳೆದುಕೊಂಡು ಅವಳು ಮೆಟ್ಟಿಲಿಳಿದಳು. ಹಾಲಿಳಿಸುವ ಕಟ್ಟೆಯ ಮೇಲೆ ಯಾರೋ ಕೈ ತೊಳೆಯದೆ ಪೈಪು ಮುಟ್ಟುವುದು ಕಾಣಿಸಿತು. ಅಲ್ಲಿಂದಲೇ ಕೂಗಿದಳು.